ಕುರಿಯಿಲ್ಲದ ಊರಿನ ಕುರಿನಾಯಿ

ಮೈಸೂರಿನ ವಿಜಯನಗರದಲ್ಲಿ ಅಲ್ಸೇಷಿಯನ್ ನಾಯಿಗೆ ಜನ ಇಟ್ಟಿರುವ ಹೆಸರು ‘ಪೊಲೀಸ್ ನಾಯಿ’. ಅದು ಕುರಿ ಕಾಯಲೆಂದು ರೂಪುಗೊಂಡ ಪ್ರಾಣಿ ಎಂದರೆ ಸಾಕಿದವರೇ ನಗುತ್ತಾರೆ. ಚರಿತ್ರೆ ಹೇಳುವುದಾದರೂ ಹಾಗೆಯೇ. ಜರ್ಮನಿಯ ಅಶ್ವದಳದಲ್ಲಿದ್ದ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬಾತ 1899ರಲ್ಲಿ ಪ್ರದರ್ಶನವೊಂದರಲ್ಲಿ ಕಂಡ ಕುರಿನಾಯಿಯನ್ನು ಕೊಂಡು, ಹೋರಾಂಡ್ ಎಂದು ಹೆಸರಿಟ್ಟು, ಅದನ್ನೇ ತಳಿಯ ಮೂಲಪುರುಷನನ್ನಾಗಿ ಮಾಡಿ ಸಂಘವನ್ನು ಕಟ್ಟಿದ. ಬೇಲಿಯಿಲ್ಲದ ಹೊಲಗಳ ನಡುವೆ ಹಿಂಡು ಮೇಯುವಾಗ, ಪೈರಿನ ಅಂಚಿನುದ್ದಕ್ಕೂ ಓಡಾಡುತ್ತ ಒಂದು ಕುರಿಯೂ ಗೆರೆ ದಾಟದಂತೆ ನೋಡಿಕೊಳ್ಳುವುದು ಇದರ ಕಸುಬು. ಮೊದಲ ಮಹಾಯುದ್ಧದ ಹಗೆಯಿಂದಾಗಿ ‘ಜರ್ಮನ್’ ಎಂಬ ಮಾತನ್ನು ಸಹಿಸದ ಇಂಗ್ಲಿಷರು ಇದಕ್ಕೆ ಅಲ್ಸೇಷಿಯನ್ ಎಂದು ಹೆಸರಿಟ್ಟರು. ಆ ಹೆಸರೇ ನಮಗೂ ಬಂತು.

ನಲವತ್ತು ಅರವತ್ತರ ಸೈಟಿನ ಮನೆಯಲ್ಲಿ ಈ ನಾಯಿ ಏನು ಮಾಡಬೇಕು? ಕಾಂಪೌಂಡಿನ ಒಳಬದಿಯಲ್ಲಿ ನೆಲ ಸವೆದು ಹಾದಿ ಬೀಳುವಂತೆ ಓಡುತ್ತದೆ. ಸೈಕಲ್ಲನ್ನು ಬೆನ್ನಟ್ಟುತ್ತದೆ. ಆಡುವ ಮಕ್ಕಳನ್ನು ಸುತ್ತುಗಟ್ಟಿ ಹಿಮ್ಮಡಿಗೆ ಬಾಯಿ ಹಾಕುತ್ತದೆ. ಯಜಮಾನ ಇದನ್ನು ಪುಂಡತನವೆಂದು ತಿಳಿದು ಬೆತ್ತವನ್ನು ಎತ್ತಿಕೊಳ್ಳುತ್ತಾನೆ. ನಮ್ಮ ಕುರುಬರ ನಾಯಿಗೆ ಈ ಪಾಡಿಲ್ಲ. ಅದರ ಕೆಲಸ ಬಹುಮಟ್ಟಿಗೆ ಹಿಂಡಿನ ಕಾವಲು, ತೋಳಕ್ಕೆ ಎದುರು ನಿಲ್ಲುವುದು.

ನಾಯಿಯ ಕೆಲಸವನ್ನು ಗೌರವಿಸುವುದು ನಮ್ಮ ನಾಡಿಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಹತ್ತನೆಯ ಶತಮಾನದ ನಡುವಿನದು. ಚೋಳರೊಡನೆ ನಡೆದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗನು ಬೇಕಾದುದನ್ನು ಬೇಡೆಂದಾಗ, ಆತ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಹೆಗ್ಗಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಕಲ್ಲು ನಿಂತಿತು, ಭೂಮಿಯ ದತ್ತಿಯೂ ನಡೆಯಿತು. ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಅಲ್ಲಿನ ಗೊರವನಿಗೆ ಕಟ್ಟಳೆಯಾಯಿತು. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಯನ್ನು ಪಳಗಿಸಿದ ಬಗೆಯನ್ನು ಮಾತ್ರ ಶಾಸನ ಹೇಳುವುದಿಲ್ಲ.

ಪಳಗಿಸುವ ಬಗೆ ಪುಸ್ತಕಕ್ಕೆ ಬಂದಾಗ ಬೆತ್ತವೂ ಜೊತೆಗೆ ಬಂತು. ಜರ್ಮನಿಯ ಪೊಲೀಸ್ ಅಧಿಕಾರಿ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ಗ್ರಂಥದಲ್ಲಿ ಬಹುಮಾನಕ್ಕೆ ಸ್ಥಾನವಿದ್ದರೂ, ಮುಳ್ಳಿನ ಕೊರಳಪಟ್ಟಿಗೂ ಚಾಟಿಗೂ ಸ್ಥಾನ ತಪ್ಪಲಿಲ್ಲ. ವಿಚಿತ್ರವೆಂದರೆ, ಅದಕ್ಕೂ ಮೊದಲೇ, 1898ರಲ್ಲಿ, ಅಮೆರಿಕದ ಥಾರ್ನ್‌ಡೈಕ್ ಬೆಕ್ಕುನಾಯಿಗಳನ್ನು ಪೆಟ್ಟಿಗೆಗಳಲ್ಲಿಟ್ಟು ಪರೀಕ್ಷಿಸಿದ್ದ. ತೃಪ್ತಿ ತಂದ ನಡವಳಿಕೆ ಮರುಕಳಿಸುತ್ತದೆ ಎಂಬುದು ಅವನಿಗೆ ಕಂಡಿತ್ತು. 1951ರಲ್ಲಿ ಸ್ಕಿನ್ನರ್ ಇದನ್ನು ಮನೆಯವರೂ ಮಾಡಬಲ್ಲ ವಿದ್ಯೆಯೆಂದು ತೋರಿಸಿದ: ಟಿಕ್ಕೆನ್ನುವ ಆಟಿಕೆಯೊಂದರಿಂದ ಸರಿಯಾದ ಕ್ಷಣವನ್ನು ಗುರುತಿಸಿ, ಒಡನೆಯೇ ತಿನಿಸು ಕೊಡುವುದು. 1984ರಲ್ಲಿ ಕ್ಯಾರೆನ್ ಪ್ರಯರ್ ಬರೆದ ಪುಸ್ತಕದಿಂದ ಈ ವಿದ್ಯೆ ಜನಸಾಮಾನ್ಯರವರೆಗೆ ಬಂತು.

ರೇಡಿಯೋದ ಮುಂದೆ ಕುಳಿತು ಇದನ್ನು ಹೇಳುವಾಗ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರನ್ನು ನೆನೆಯದಿರಲಾರೆ. 1935ರಲ್ಲಿ ತಮ್ಮ ಮನೆಯಿಂದಲೇ ಮೈಸೂರು ಆಕಾಶವಾಣಿಯನ್ನು ಆರಂಭಿಸಿದ ಅವರು ಮನಶ್ಶಾಸ್ತ್ರದ ಅಧ್ಯಾಪಕರು. ಆ ಶಾಸ್ತ್ರ ನಮ್ಮ ಕಾಲೇಜಿಗೆ ಅಷ್ಟು ಬೇಗ ಬಂದರೂ ಬೀದಿಯ ಬೆತ್ತವನ್ನು ಮುಟ್ಟಲು ಬಹುಕಾಲ ಹಿಡಿಯಿತು. ಮುಳ್ಳಿನ ಪಟ್ಟಿ ಅಂಗಡಿಗಳಲ್ಲಿ ಇನ್ನೂ ದೊರೆಯುತ್ತದೆ.

ಏಟಿನಿಂದ ನಾಯಿ ಕಲಿಯುವುದಿಲ್ಲವೆಂದು ನಾನು ಹೇಳುತ್ತಿಲ್ಲ, ಕಲಿಯುತ್ತದೆ. ಸೈಕಲ್ ಕಂಡಾಗಲೆಲ್ಲ ನೋವಾಗುವುದೆಂದು ಕಲಿತ ನಾಯಿ, ಗೊಣಗುವುದನ್ನೂ ಬಿಟ್ಟು ಒಂದು ದಿನ ನೇರವಾಗಿ ಕಚ್ಚಬಹುದು. ಆಗ ಬಲಿಯಾಗುವುದು ಯಾರದೋ ಮಗು, ಆಮೇಲೆ ನಾಯಿ.

ನಮ್ಮ ಬೀದಿಯ ಗೃಹಿಣಿಯೊಬ್ಬರು ಬೇರೆಯ ದಾರಿ ಹಿಡಿದರು. ಸೈಕಲ್ಲು ಬೀದಿಯ ಆ ತುದಿಯಲ್ಲಿರುವಾಗಲೇ, ನಾಯಿ ಕೆರಳುವ ಮುನ್ನವೇ, ಹೆಸರು ಹಿಡಿದು ಕರೆಯುವರು. ಅದು ಮುಖ ತಿರುಗಿಸಿದ ಕ್ಷಣವೇ ಬೇಯಿಸಿದ ಮೊಟ್ಟೆಯ ಚೂರು. ತಡವಾದರೆ ಬಹುಮಾನ ಯಾವುದಕ್ಕೆಂದು ಅದಕ್ಕೆ ತಿಳಿಯದು. ದಿನಕ್ಕೆ ಎರಡು ಸಲ, ಐದೈದು ನಿಮಿಷ. ಅಂತರವನ್ನು ವಾರವಾರಕ್ಕೂ ಕಡಮೆ ಮಾಡುತ್ತ ಬಂದರು. ಅಟ್ಟುವ ಹಂಬಲಕ್ಕೂ ಕೆಲಸ ಬೇಕಷ್ಟೆ. ದೊಡ್ಡ ಚೆಂಡೊಂದನ್ನು ಮೂಗಿನಿಂದ ಉರುಳಿಸಿಕೊಂಡು ಹಿತ್ತಿಲಿನ ಗೆರೆಯೊಳಗೆ ತಂದು ನಿಲ್ಲಿಸುವುದನ್ನು ಕಲಿಸಿದರು. ಮೂರನೆಯ ತಿಂಗಳಲ್ಲಿ ಪೇಪರ್ ಹುಡುಗನ ಸೈಕಲ್ಲು ಗೇಟಿನ ಮುಂದೆಯೇ ಹಾದುಹೋದರೂ ನಾಯಿ ಕುಳಿತಲ್ಲಿಂದ ಅವರ ಮುಖ ನೋಡುತ್ತಿತ್ತು. ಚೆಂಡಿನ ಖರ್ಚು ಹೆಚ್ಚಿತೆಂಬುದೊಂದೇ ಈಗ ಆಕೆಯ ದೂರು.