ಲೋಕಾಪುರದ ಕಲ್ಲು, ಅದರೊಳಗಿನ ಅನಿಲ

ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದವನಿಗೆ ಕಲ್ಲು ಅಂದರೆ ಮೊದಲು ನೆನಪಾಗುವುದು ಆಸಿಡ್ ಬಾಟಲಿ. ಮುಧೋಳ ತಾಲೂಕಿನ ಲೋಕಾಪುರದ ಕಡೆಯ ಸುಣ್ಣದಕಲ್ಲಿನ ಮೇಲೆ ಎರಡು ಹನಿ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟರೆ ಬುಸ್ಸೆಂದು ನೊರೆ ಏಳುತ್ತದೆ. ನೋಡಲು ಅದರಂತೆಯೇ ಇರುವ ಇನ್ನೊಂದು ತುಂಡು ಸುಮ್ಮನಿರುತ್ತದೆ. ಕುಟ್ಟಿ ಪುಡಿ ಮಾಡಿದರೆ ಮಾತ್ರ ಮೆಲ್ಲಗೆ ಗುಳ್ಳೆ ಕಾಣುತ್ತದೆ. ಅದು ಡೋಲೊಮೈಟ್, ಕ್ಯಾಲ್ಸಿಯಂ ಜೊತೆ ಮ್ಯಾಗ್ನೀಸಿಯಂ ಸೇರಿಕೊಂಡ ಕಲ್ಲು. ಕಬ್ಬಿನ ಹಾಲನ್ನು ತಿಳಿಗೊಳಿಸುವ ಸುಣ್ಣದಲ್ಲಿ ಮ್ಯಾಗ್ನೀಸಿಯಂ ಹೆಚ್ಚಾದರೆ ಹಾಲು ಕುದಿಯುವ ಕೊಳವೆಗಳ ಒಳಗೆ ಗಟ್ಟಿ ಪದರು ಕಟ್ಟುತ್ತದೆ. ಹಾಗಾಗಿ ನಮಗೆ ಅದು ಬೇಡದ ಕಲ್ಲು. ಅದರ ಚರಿತ್ರೆ ಎಷ್ಟು ದೊಡ್ಡದೆಂಬುದು ನನಗೆ ತಿಳಿದದ್ದು ನೌಕರಿ ಮುಗಿದ ಮೇಲೆ.

ಈ ಕಲ್ಲುಗಳಿಗೆ ಪುಸ್ತಕದಲ್ಲಿ ಹೆಸರು ಕೊಟ್ಟವನು ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಈ ಅಧಿಕಾರಿ ದಕ್ಷಿಣ ಮರಾಠಾ ಸೀಮೆಯನ್ನೆಲ್ಲ ಸುತ್ತಿ, 1876ರಲ್ಲಿ ಅದರ ಭೂರಚನೆಯ ವರದಿ ಪ್ರಕಟಿಸಿದ. ಆಗ ಜಿಲ್ಲೆಯ ಮುಖ್ಯ ಠಾಣೆ ಕಲಾದಗಿ, ಹೀಗಾಗಿ ಶಿಲಾಶ್ರೇಣಿಗೂ ಅದೇ ಹೆಸರು ಬಿತ್ತು. 1885ರಲ್ಲಿ ಜಿಲ್ಲಾ ಕಚೇರಿ ಬಿಜಾಪುರಕ್ಕೆ ಹೋಯಿತು. ಘಟಪ್ರಭೆಯ ದಂಡೆಯ ಕಲಾದಗಿ ಈಗ ದಾಳಿಂಬೆ, ಚಿಕ್ಕು ಹಣ್ಣಿಗೆ ಹೆಸರಾದ ಊರು. ಕಲೆಕ್ಟರ್ ಹೋದರೂ ಹೆಸರು ಮಾತ್ರ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಉಳಿಯಿತು. ಮುಂದಿನವರು ಒಂದೊಂದು ಪದರಿಗೂ ನಮ್ಮ ಹಳ್ಳಿಗಳ ಹೆಸರನ್ನೇ ಇಟ್ಟರು: ಯಡಹಳ್ಳಿ, ಮುದ್ದಾಪುರ, ಪೆಟ್ಲೂರ, ಜಾಲಿಕಟ್ಟಿ, ಚಿತ್ರಭಾನುಕೋಟ.

ಕಲ್ಲಿನ ವಯಸ್ಸು ನೂರು ಕೋಟಿ ವರ್ಷಕ್ಕೂ ಮೀರಿದ್ದು. ಆಗ ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ಮೀನಿಲ್ಲ, ಶಂಖವಿಲ್ಲ, ದಂಡೆಯ ಮೇಲೆ ಒಂದು ಹುಲ್ಲುಕಡ್ಡಿಯೂ ಇಲ್ಲ. ಬದುಕಿದ್ದುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ. ಅವು ಬಿಸಿಲಿನಲ್ಲಿ ಪಾಚಿಯ ಹಾಸಿನಂತೆ ಹಬ್ಬಿ, ಸುಣ್ಣದ ಕೆಸರನ್ನು ಪದರು ಪದರಾಗಿ ಹಿಡಿದಿಟ್ಟವು. ಗುಮ್ಮಟದಂತೆ ಬಾಗಿದ ಆ ಪದರುಗಳೇ ಸ್ಟ್ರೊಮ್ಯಾಟೊಲೈಟ್. ಲೋಕಾಪುರ ಸುತ್ತಿನ ಡೋಲೊಮೈಟಿನಲ್ಲಿ ಅವನ್ನು ಇಂದಿಗೂ ನೋಡಬಹುದು. ಮುಂದೆ ಭೂಮಿಯ ಒತ್ತಡಕ್ಕೆ ಈ ಹಾಸುಗಳೆಲ್ಲ ಮಡಿಚಿ, ಬಿರುಕು ಬಿಟ್ಟವು. ಬಹುಕಾಲದ ಮೇಲೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೆಕ್ಕನ್ ಲಾವಾ ಹರಿದು ಉತ್ತರದ ಭಾಗವನ್ನು ಮುಚ್ಚಿತು. ಜಮಖಂಡಿ, ರಬಕವಿ-ಬನಹಟ್ಟಿ ಕಡೆಯ ಎರೆಭೂಮಿ ಆ ಲಾವಾ ಸವೆದು ಆದದ್ದು. ಲೋಕಾಪುರದ ಸುಣ್ಣದಕಲ್ಲು, ಬೀಳಗಿಯ ಗುಡ್ಡದ ಬೆಣಚುಕಲ್ಲು ಮಾತ್ರ ಬಿಸಿಲಿಗೆ ಮೈಯೊಡ್ಡಿಕೊಂಡು ಉಳಿದವು.

ಆಸಿಡ್ ಬಿದ್ದಾಗ ಏಳುವ ಗುಳ್ಳೆ ಇಂಗಾಲದ ಡೈಆಕ್ಸೈಡ್. ಸುಣ್ಣದಕಲ್ಲು ಸುಟ್ಟಾಗ ಹೋಗುವುದು ಇದೇ ಅನಿಲ ಎಂದು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1756ರಲ್ಲಿ ತೂಕ ಮಾಡಿ ತೋರಿಸಿದ. ಶುದ್ಧ ಸುಣ್ಣದಕಲ್ಲು 100 ಕೆ.ಜಿ. ಸುಟ್ಟರೆ 44 ಕೆ.ಜಿ. ಅನಿಲವಾಗಿ ಹೋಗಿ 56 ಕೆ.ಜಿ. ಸುಣ್ಣ ಉಳಿಯುತ್ತದೆ. ಶುದ್ಧ ಡೋಲೊಮೈಟಿನಿಂದ ಇನ್ನೂ ಹೆಚ್ಚು, 47 ಕೆ.ಜಿ. ಮೀರಿ ಹೋಗುತ್ತದೆ. ಸುಣ್ಣ ಸುಡುವ ನಮ್ಮ ಸುಣಗಾರರಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಕಲ್ಲು ತುಂಬಿದ ಭಟ್ಟಿಯಿಂದ ಅರ್ಧದ ಮೇಲಷ್ಟೇ ತೂಕ ಸಿಗುತ್ತದೆ ಎಂಬುದು ಗೊತ್ತಿತ್ತು. ಗಾಳಿಯಾಡದ ರಾತ್ರಿ ಆ ಅನಿಲ ತಗ್ಗಿನಲ್ಲಿ ನಿಂತುಬಿಡುತ್ತದೆ ಎಂಬುದೂ ಗೊತ್ತಿತ್ತು. "ಭಟ್ಟಿ ಬಾಜೂಕ ಮಲಗಬ್ಯಾಡೋ ತಮ್ಮಾ, ಮುಂಜಾನಿ ಏಳಂಗಿಲ್ಲ" ಎಂದು ನಮ್ಮಜ್ಜ ಹೇಳುತ್ತಿದ್ದ. ಅವನೇನು ಸುಣ್ಣ ಸುಟ್ಟವನಲ್ಲ. ಆದರೂ ಆ ಎಚ್ಚರ ಊರಿಗೆಲ್ಲ ಇತ್ತು.

ಭಟ್ಟಿಯ ಸುಣ್ಣವಿಲ್ಲದೆ ಈ ಸೀಮೆಯ ಯಾವ ಕಸುಬೂ ನಡೆಯುತ್ತಿರಲಿಲ್ಲ. ಜಮಖಂಡಿಯ ಪಟವರ್ಧನರ ವಾಡೆಗಾಗಲಿ, ಮುಧೋಳದ ಘೋರ್ಪಡೆಯವರ ವಾಡೆಗಾಗಲಿ ಸುಣ್ಣದ ಗಚ್ಚು ಬೇಕು. ಎತ್ತು ತಿರುಗುವ ಗಾಣದಲ್ಲಿ ಸುಣ್ಣ, ಮರಳು ಅರೆದು ಆ ಗಚ್ಚು ಹದ ಮಾಡುತ್ತಿದ್ದರು. ನೇಕಾರರ ನೂಲಿಗೆ ನೀಲಿ ಹಾಕುವ ನೀಲಗಾರರ ಗುಡಾಣಕ್ಕೆ ಸುಣ್ಣ ಬೇಕು. ಅದಿಲ್ಲದೆ ನೀಲಿ ಕರಗಿ ನೂಲಿಗೆ ಹತ್ತುವುದಿಲ್ಲ. ಬೆಲ್ಲ ಮಾಡುವಾಗ ಕೊಪ್ಪರಿಗೆಯ ಹಾಲಿಗೆ ಸುಣ್ಣದ ತಿಳಿ ಹಾಕಿ ಹುಳಿ ಮುರಿಯಬೇಕು. ಮಹಾಲಿಂಗಪುರದ ಪೇಟೆಗೆ ಬರುವ ಬೆಲ್ಲದ ಹಿಂದೆಯೂ ಈ ಬಿಳಿ ಪುಡಿ ಇದೆ. ಸಿಮೆಂಟ್ ಬಂದು ಗಚ್ಚಿನ ಗಾಣ ನಿಂತಿತು, ರಾಸಾಯನಿಕ ಬಣ್ಣ ಬಂದು ನೀಲಿಯ ಗುಡಾಣ ನಿಂತಿತು, ಸಣ್ಣ ಭಟ್ಟಿಗಳೂ ಆರಿದವು. ಕಲ್ಲಿಗೆ ಮಾತ್ರ ಬಿಡುವು ಸಿಗಲಿಲ್ಲ. 2009ರಲ್ಲಿ ಮುದ್ದಾಪುರದಲ್ಲಿ ಜೆ.ಕೆ. ಸಿಮೆಂಟ್ ಕಾರ್ಖಾನೆ ಶುರುವಾಯಿತು. ಸುಣಗಾರರ ಭಟ್ಟಿ ಮಾಡುತ್ತಿದ್ದ ಕೆಲಸವನ್ನೇ, ಅಂದರೆ ಕಲ್ಲಿನ ಅನಿಲ ಓಡಿಸುವ ಕೆಲಸವನ್ನೇ, ಈಗ ಸುತ್ತುವ ಭಾರೀ ಕುಲುಮೆ ಹಗಲೂ ರಾತ್ರಿ ಮಾಡುತ್ತದೆ.

ಈಗ ಜನ ಹುಡುಕುತ್ತಿರುವುದು ಬೇರೆ ಅನಿಲ, ಒಲೆಗೆ ಉರಿಯುವಂಥದ್ದು. ಸುಣ್ಣದಕಲ್ಲು ಡೋಲೊಮೈಟ್ ಆಗುವಾಗ ಅದರ ಗಾತ್ರ ನೂರಕ್ಕೆ 12ರಷ್ಟು ಕುಗ್ಗಬಲ್ಲದು. ಹಾಗೆ ಉಳಿದ ಸಂದಿಯಲ್ಲಿ ಎಣ್ಣೆ, ಅನಿಲ ನಿಲ್ಲುತ್ತವೆ. ನಾವು ಬೇಡವೆಂದ ಕಲ್ಲು ಅನಿಲ ಹುಡುಕುವವರಿಗೆ ಬಹಳ ಬೇಕಾದದ್ದು. ಚೀನಾದ ಸಿಚುವಾನಿನಲ್ಲಿ 1964ರಲ್ಲೇ ಪುರಾತನ ಡೋಲೊಮೈಟಿನಿಂದ ಅನಿಲ ಸಿಕ್ಕಿತು. ನಮ್ಮಲ್ಲೇ ಮಧ್ಯಪ್ರದೇಶದ ದಮೋಹ ಜಿಲ್ಲೆಯಲ್ಲಿ ವಿಂಧ್ಯ ಶ್ರೇಣಿಯ ರೋಹತಾಸ್ ಸುಣ್ಣದಕಲ್ಲಿಗೆ ಓಎನ್‌ಜಿಸಿ ಕೊರೆದ ಬಾವಿಗಳಲ್ಲಿ ಅನಿಲ ಬಂದಿದೆ. ದೇಶದ 26 ಜಲಜಶಿಲಾ ಕೊಳ್ಳಗಳ ಸರ್ಕಾರಿ ಪಟ್ಟಿಯಲ್ಲಿ ಭೀಮಾ-ಕಲಾದಗಿಯೂ ಒಂದು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಇಲ್ಲಿನ ಮಣ್ಣು ಪರೀಕ್ಷಿಸಿ, ಮೀಥೇನ್ ಮೊದಲಾದ ಹಗುರ ಅನಿಲಗಳ ಕುರುಹು ಇರುವುದನ್ನು 2010ರಲ್ಲಿ ಪ್ರಕಟಿಸಿದರು.

ಕುರುಹು ಬೇರೆ, ನಿಕ್ಷೇಪ ಬೇರೆ. ಅನಿಲ ಹುಟ್ಟಲು ಜೀವಾಂಶವಿರುವ ಜೇಡಿಕಲ್ಲು ಬೇಕು, ನಿಲ್ಲಲು ಸಂದಿಯಿರುವ ಕಲ್ಲು ಬೇಕು, ಹಾರಿಹೋಗದಂತೆ ಮೇಲೊಂದು ಗಟ್ಟಿ ಮುಚ್ಚಳ ಬೇಕು. ಮೊದಲೆರಡು ನಮ್ಮಲ್ಲಿವೆ. ಆದರೆ ಮಡಿಚಿ ಬಿರುಕು ಬಿಟ್ಟು, ಮಳೆಗಾಳಿಗೆ ಸವೆದು ಬಯಲಾದ ನೆಲದಲ್ಲಿ ಮೂರನೆಯದು ಸಿಗುವುದು ಕಷ್ಟ. ಲ್ಯಾಬಿನಲ್ಲಿ ಬೆಳೆದ ನನ್ನ ಬುದ್ಧಿಗೆ ಇಷ್ಟು ಸಾಕು: ಅನಿಲದ ಆಸೆಗೆ ಹೊಲದ ದರ ಏರಿಸಿಕೊಳ್ಳುವವರ ಮಾತು ನಂಬಬೇಡಿ.

ಕೈಗೆ ಸಿಕ್ಕಿರುವ ಆಸ್ತಿ, ಅಂದರೆ ಲೋಕಾಪುರದ ಸ್ಟ್ರೊಮ್ಯಾಟೊಲೈಟ್ ಕಲ್ಲು, ಮಾತ್ರ ನಿಶ್ಚಿತ. ಅದನ್ನು ಕಾಯುವುದು ಕಷ್ಟವೇನಲ್ಲ. ಮುಧೋಳ-ಬೀಳಗಿ ನಡುವಿನ ಯಡಹಳ್ಳಿ ಗುಡ್ಡಗಳ ಚಿಂಕಾರ ಹುಲ್ಲೆಗಳಿಗೆ 2016ರಲ್ಲಿ ವನ್ಯಧಾಮ ಸಿಕ್ಕಿತು. ರಾಜಸ್ಥಾನದ ಝಾಮರಕೋಟ್ರಾದಲ್ಲಿ ಫಾಸ್ಫೇಟ್ ಗಣಿಯಿದ್ದರೂ ಅಲ್ಲಿನ ಸ್ಟ್ರೊಮ್ಯಾಟೊಲೈಟುಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿವೆ. ಲೋಕಾಪುರದ ಕಲ್ಲಿಗೂ ಅಂಥ ಒಂದೆರಡು ಎಕರೆ ತೆಗೆದಿಡಲಿ. ಬಾಗಲಕೋಟೆ ಜಿಲ್ಲಾಡಳಿತ, ಗಣಿ ಇಲಾಖೆ ಇದನ್ನು ಕೈಗೆತ್ತಿಕೊಳ್ಳಲಿ. ನಮ್ಮ ಶಾಲೆಗಳ ಮೇಷ್ಟ್ರುಗಳು ಅಲ್ಲಿಯವರೆಗೆ ಕಾಯಬೇಕಿಲ್ಲ, ಮಕ್ಕಳನ್ನು ಈ ವರ್ಷವೇ ಅಲ್ಲಿಗೆ ಕರೆದೊಯ್ಯಲಿ.