ಹಾಲಾಡಿಯ ಅಂಗಡಿಯೂ ಕಾಣದವರ ಕನ್ನಡವೂ

ಘಟ್ಟದಿಂದಿಳಿದು ಬರುವ ವಾರಾಹಿಯು ಬಯಲಿಗೆ ಬಂದ ಮೇಲೆ ಹಾಲಾಡಿ ಹೊಳೆಯೆಂಬ ಹೆಸರನ್ನೂ ತಳೆದು, ಸೌಪರ್ಣಿಕಾ ಮೊದಲಾದ ನದಿಗಳೊಡನೆ ಗಂಗೊಳ್ಳಿಯ ಬಳಿ ಸಮುದ್ರವನ್ನು ಸೇರುವುದಷ್ಟೆ. ಆ ಹೊಳೆಯ ಆಸುಪಾಸಿನ ಪೇಟೆಗಳಲ್ಲಿ ವ್ಯಾಪಾರವೆಂಬುದು ಬಹುಕಾಲದವರೆಗೆ ಬಾಯಿಮಾತಿನ ಮತ್ತು ಕೈಸ್ಪರ್ಶದ ವ್ಯವಹಾರವಾಗಿಯೇ ನಡೆದುಬಂದಿತು. ಅಕ್ಕಿಯನ್ನು ಅಂಗೈಯಲ್ಲಿ ಉಜ್ಜಿ, ತೆಂಗಿನಕಾಯಿಯನ್ನು ಕಿವಿಯ ಬಳಿ ಅಲುಗಿಸಿ, ‘ಎಷ್ಟಾಯ್ತ್ ಮಾರಾಯ್ರೆ?’ ಎಂದು ಕೇಳಿ ಬೆಲೆಯನ್ನು ತಿಳಿಯುತ್ತಿದ್ದ ಗಿರಾಕಿಗೆ ಕಣ್ಣು ಸಹಾಯಕವಾಗಿತ್ತೇ ಹೊರತು ಅನಿವಾರ್ಯವಾಗಿರಲಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನಾರಂಭಿಸಿ, ಎರಡಾಣೆಯಷ್ಟು ಅಲ್ಪಮೊತ್ತವನ್ನೂ ದಿನದಿನವೂ ಮನೆಬಾಗಿಲಿಗೇ ಬಂದು ಸಂಗ್ರಹಿಸಿದುದು, ನಡೆಯಲಾರದವನ ಪಾಲಿಗೆ ಯಾವ ಕಾನೂನೂ ಅಂದು ವಿಧಿಸದಿದ್ದ ಒಂದು ಮಹೋಪಕಾರವೆಂದೇ ನನ್ನ ಎಣಿಕೆ. ಆದರೂ ಆ ಕಾಲವನ್ನು ಅಂಗವಿಕಲರ ಸುಖಕಾಲವೆಂದು ಬಣ್ಣಿಸುವುದು ಸತ್ಯಕ್ಕೆ ದೂರವಾದ ಮಾತು. ಅಂಗಡಿ ತೆರೆದಿದ್ದರೂ ಓದಿನ ಬಾಗಿಲು ಅವರಲ್ಲಿ ಬಹುಮಂದಿಗೆ ಮುಚ್ಚಿಯೇ ಇದ್ದಿತು.

ಆ ಬಾಗಿಲನ್ನು ಮೊದಲು ತೆರೆದದ್ದು ಆರು ಚುಕ್ಕೆಗಳ ಬ್ರೈಲ್ ಲಿಪಿ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಫ್ರಾನ್ಸಿನ ಲೂಯಿ ಬ್ರೈಲನು ಕಲ್ಪಿಸಿದ ಈ ಲಿಪಿಯನ್ನು ಭಾರತೀಯ ಭಾಷೆಗಳಿಗೆಲ್ಲ ಸಮಾನವಾಗಿ ಅಳವಡಿಸಿದ ‘ಭಾರತಿ ಬ್ರೈಲ್’ 1951ರಲ್ಲಿ ಅಂಗೀಕೃತವಾಯಿತು. ಅದರ ಹಿಂದಿರುವ ತತ್ತ್ವ ವಿಶೇಷ ಮನನಯೋಗ್ಯವಾದುದು: ಕನ್ನಡದ ಕಕಾರಕ್ಕೂ ಹಿಂದಿಯ ಕಕಾರಕ್ಕೂ ಕಣ್ಣಿಗೆ ಕಾಣುವ ಆಕೃತಿ ಎಷ್ಟೇ ಭಿನ್ನವಾಗಿದ್ದರೂ ಬೆರಳಿಗೆ ತಗಲುವ ಚುಕ್ಕೆಗಳು ಒಂದೇ. ಅಕ್ಷರದ ಸತ್ತ್ವವಿರುವುದು ಬರೆದ ರೂಪದಲ್ಲಲ್ಲ, ನುಡಿಯುವ ಧ್ವನಿಯಲ್ಲಿ ಎಂಬುದನ್ನು ಅಂಧರ ಲಿಪಿಯು ಹೀಗೆ ಮೊದಲೇ ಕಂಡುಕೊಂಡಿದ್ದಿತು. ನಮ್ಮ ಗಣಕಯಂತ್ರಗಳು ಇದೇ ತಿಳಿವನ್ನು ಪೂರ್ಣವಾಗಿ ಪಡೆಯುವುದಕ್ಕೆ ಮುಂದೆ ಅರ್ಧ ಶತಮಾನವೇ ಹಿಡಿಯಿತು.

ಈ ವಿಳಂಬದ ಕಥೆಯನ್ನು ತುಸು ವಿಸ್ತರಿಸಲೇಬೇಕು. ಕರಾವಳಿಯವರೇ ಆದ, ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಉಚ್ಚಾರಣೆಯ ಕ್ರಮದಲ್ಲಿಯೇ ಕೀಲಿಗಳನ್ನೊತ್ತಿ ಕನ್ನಡವನ್ನು ಬರೆಯುವ ವಿನ್ಯಾಸವನ್ನು ರೂಪಿಸಿ, ‘ಸೇಡಿಯಾಪು’ ಎಂಬ ತಂತ್ರಾಂಶವನ್ನು ನಾಡಿಗೆ ಉಚಿತವಾಗಿ ಕೊಟ್ಟರು. ಅವರ ಕೀಲಿಮಣೆಯನ್ನೇ ಸರ್ಕಾರವೂ ಮಾನ್ಯಮಾಡಿತು. 1996ರಲ್ಲಿ ‘ವಿಶ್ವಕನ್ನಡ’ವು ಅಂತರಜಾಲದಲ್ಲಿ ಕನ್ನಡ ಪತ್ರಿಕೆಯಾಗಿ ಉದಯಿಸಿತು, 1998ರಲ್ಲಿ ‘ಬರಹ’ ಎಂಬ ತಂತ್ರಾಂಶವೂ ಅನಂತರ ‘ನುಡಿ’ಯೂ ಬಂದವು. ಕನ್ನಡಿಗರ ಬೆರಳುಗಳು ಧ್ವನಿಯ ಕ್ರಮದಲ್ಲಿ ಚಲಿಸಿದರೂ ಆ ಕಾಲದ ಯಂತ್ರವು ಒಳಗೆ ಸಂಗ್ರಹಿಸಿಟ್ಟುಕೊಂಡದ್ದು ಆಕೃತಿಯ ತುಂಡುಗಳನ್ನು. ನುಡಿಯ ಅಕ್ಷರಶೈಲಿಯಲ್ಲಿ ‘ಕ’ ಎಂಬುದು ಯಂತ್ರದ ಪಾಲಿಗೆ ಕಕಾರವಲ್ಲ. ಇಂಗ್ಲಿಷಿನ ‘ಪಿ’ ಅಕ್ಷರದ ಸ್ಥಾನದಲ್ಲಿ ಕೂಡಿಸಿದ ಒಂದು ಒಡಲು, ಚಿಹ್ನೆಯುಳ್ಳ ‘ಎ’ ಅಕ್ಷರದ ಸ್ಥಾನದಲ್ಲಿ ಕೂಡಿಸಿದ ಒಂದು ತಲೆಕಟ್ಟು. ಕಣ್ಣುಳ್ಳವನು ಆ ಪುಟದಲ್ಲಿ ಸುಂದರ ಕನ್ನಡವನ್ನು ಕಾಣುತ್ತಿದ್ದನು. ಅದನ್ನೇ ಗಟ್ಟಿಯಾಗಿ ಓದಿ ಹೇಳಬೇಕಾದ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಉಚ್ಚರಿಸುತ್ತಿದ್ದಿತು. ಬಾಯಿಮಾತಿನ ಪೇಟೆಯಲ್ಲಿ ಸರಾಗವಾಗಿ ವ್ಯವಹರಿಸುತ್ತಿದ್ದ ಅಂಧನು ತನ್ನ ಭಾಷೆಯ ಹೊಸ ಪೇಟೆಯಲ್ಲಿ ಹೀಗೆ ಪರಕೀಯನಾದನು. ಆ ತಂತ್ರಾಂಶಗಳನ್ನು ರಚಿಸಿದವರನ್ನು ನಾನು ದೂಷಿಸಲಾರೆ. ಅಂದಿನ ಯಂತ್ರದ ಇಕ್ಕಟ್ಟಿನಲ್ಲಿ ಅವರು ಮಾಡಿದ ಕನ್ನಡಸೇವೆ ದೊಡ್ಡದು.

ಇದಕ್ಕೆ ಪರಿಹಾರವಾದುದು ಆಕೃತಿಗಲ್ಲದೆ ಅಕ್ಷರಕ್ಕೇ ಸಂಕೇತವನ್ನೀಯುವ ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಪ್ರತ್ಯೇಕ ಸ್ಥಾನ ದೊರೆತಿತ್ತು. ಭಾರತೀಯ ಲಿಪಿಗಳಿಗೆಲ್ಲ ಒಂದೇ ವರ್ಣಕ್ರಮವನ್ನನುಸರಿಸಿದ ‘ಇಸ್ಕಿ’ ಸಂಕೇತವು ಅದಕ್ಕೆ ಆಧಾರವಾಗಿತ್ತು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ಯೂನಿಕೋಡ್ ಕನ್ನಡವು ಸಾಮಾನ್ಯರ ಗಣಕಗಳಿಗೂ ತಲುಪಿತು. 2006ರಲ್ಲಿ ಆಸ್ಟ್ರೇಲಿಯದ ಮೈಕೆಲ್ ಕರನ್ ಎಂಬ, ಸ್ವತಃ ದೃಷ್ಟಿಯಿಲ್ಲದ ತರುಣನು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರನ್ನು ರಚಿಸಲಾರಂಭಿಸಿ, ದುಬಾರಿ ಬೆಲೆಗೆ ಮಾತ್ರ ಸಿಗುತ್ತಿದ್ದ ಸೌಕರ್ಯವನ್ನು ಉಚಿತವಾಗಿಯೇ ಲೋಕಕ್ಕೆ ಕೊಟ್ಟನು. ಅದರ ಜೊತೆಗೆ ಬರುವ ಇಸ್ಪೀಕ್ ಧ್ವನಿಯಲ್ಲಿ ಕನ್ನಡವೂ ಸೇರಿತು. ಯಂತ್ರದೊಳಗೆ ಕಕಾರವು ಕಕಾರವೇ ಆದ ಬಳಿಕ ಕನ್ನಡದ ಪುಟವೊಂದು ಕನ್ನಡವಾಗಿಯೇ ಕಿವಿಗೆ ಬೀಳುವುದು ಸಾಧ್ಯವಾಯಿತು.

ಶಾಸನವು ಇದರ ಬೆನ್ನಿಗೆ ಬಂದಿತು. ಜಾಲತಾಣಗಳು ಎಲ್ಲರಿಗೂ ಎಟುಕುವಂತಿರಬೇಕೆಂಬ ಜಾಗತಿಕ ಮಾರ್ಗಸೂಚಿ 1999ರಲ್ಲಿಯೇ ಪ್ರಕಟವಾಗಿತ್ತಾದರೂ, ನಮ್ಮಲ್ಲಿ ಸರ್ಕಾರಿ ಸೇವಾದಾತರಂತೆ ಖಾಸಗಿಯವರೂ ಪ್ರವೇಶಸೌಲಭ್ಯದ ನಿಯಮಗಳಿಗೆ ಬದ್ಧರೆಂದು ವಿಧಿಸಿದುದು 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 46ನೆಯ ಪ್ರಕರಣ. 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಬರಿಯ ಸಲಹೆಗಳಂತಿದ್ದ ನಿಯಮಗಳು ಸಾಲವು, ಕಡ್ಡಾಯವಾದವು ಬೇಕೆಂದು ತೀರ್ಪಿತ್ತಿತು. 2025ರ ಏಪ್ರಿಲ್ 30ರಂದು ಅದೇ ನ್ಯಾಯಾಲಯವು, ಡಿಜಿಟಲ್ ಪ್ರವೇಶಸೌಲಭ್ಯವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಅಡಕವೆಂದು ಸಾರಿತು.

ಹಾಲಾಡಿಯಂಥ ಊರಿನಿಂದ ಗೇರುಬೀಜವನ್ನೋ ಜೇನನ್ನೋ ಹಪ್ಪಳವನ್ನೋ ಮಾರಲು ಬಯಸುವ ಚಿಕ್ಕ ವ್ಯಾಪಾರಿಗೆ ಈ ತೀರ್ಪುಗಳು ದೂರದ ಸಂಗತಿಗಳಾಗಿ ತೋರಬಹುದು. ಆದರೆ ಅವನಿಂದ ಅಪೇಕ್ಷಿತವಾದ ಕಾರ್ಯವೇನೂ ದುಸ್ಸಾಧ್ಯವಲ್ಲ. ಫ್ಲೆಕ್ಸ್ ಬೋರ್ಡಿಗಾಗಿ ಸಿದ್ಧಪಡಿಸಿದ ದರಪಟ್ಟಿಯ ಚಿತ್ರವನ್ನೇ ಜಾಲತಾಣಕ್ಕೂ ಏರಿಸಿಬಿಡುವ ಅಭ್ಯಾಸವು ಇಂದು ಎಲ್ಲೆಡೆಯೂ ಉಂಟು; ಆ ಚಿತ್ರದೊಳಗಣ ಬೆಲೆಯನ್ನು ಸ್ಕ್ರೀನ್ ರೀಡರ್ ಓದಲಾರದು, ಅದೇ ಬೆಲೆಯನ್ನು ಯೂನಿಕೋಡ್ ಅಕ್ಷರಗಳಲ್ಲಿ ಬರೆದಿಟ್ಟರೆ ಕ್ಷಣಮಾತ್ರದಲ್ಲಿ ಓದುವುದು. ಸರಕಿನ ಫೋಟೋಗೆ ಒಂದು ವಾಕ್ಯದ ವಿವರಣೆ, ಪುಟದ ಭಾಷೆ ಕನ್ನಡವೆಂದು ಯಂತ್ರಕ್ಕೆ ತಿಳಿಸುವ ಒಂದು ಸಂಕೇತ, ‘ಖರೀದಿಸಿ’ ಎಂದು ಹೆಸರುಳ್ಳ ಗುಂಡಿ, ಮಂದದೃಷ್ಟಿಯವರಿಗಾಗಿ ಹಿನ್ನೆಲೆಯಿಂದ ಎದ್ದು ಕಾಣುವ ಬಣ್ಣ, ಕಿವಿ ಕೇಳದವರಿಗಾಗಿ ವಿಡಿಯೋದ ಕೆಳಗೆ ಬರಹ, ಕೈ ಸ್ಥಿರವಿಲ್ಲದವರು ಮೌಸನ್ನು ಹಿಡಿಯದೆ ಕೀಲಿಮಣೆಯಿಂದಲೇ ಆರ್ಡರನ್ನು ಮುಗಿಸಬಲ್ಲ ಏರ್ಪಾಡು: ಇವುಗಳನ್ನು ತಾಣವನ್ನು ಕಟ್ಟುವಾಗಲೇ ಕೇಳಿ ಮಾಡಿಸಿಕೊಂಡರೆ ಹೆಚ್ಚಿನ ವೆಚ್ಚವಿಲ್ಲ, ಕಟ್ಟಿಯಾದ ಮೇಲೆ ತಿದ್ದುವುದೇ ಶ್ರಮದ ಕೆಲಸ. ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಪಟ್ಟಿಗಳನ್ನು ಯೂನಿಕೋಡಿಗೆ ಮಾರ್ಪಡಿಸುವ ಪರಿವರ್ತಕಗಳು ಉಚಿತವಾಗಿಯೇ ದೊರೆಯುತ್ತವೆ. ಒತ್ತಕ್ಷರಗಳು ಅಲ್ಲಲ್ಲಿ ಕೆಡುವುದರಿಂದ ಪರಿವರ್ತನೆಯಾದ ಪಠ್ಯವನ್ನು ಒಬ್ಬರು ಕೂತು ಓದಿ ತಿದ್ದಬೇಕಾಗುವುದು, ಮತ್ತು ತಿದ್ದಿದುದನ್ನು ಸ್ಕ್ರೀನ್ ರೀಡರ್ ಬಳಸುವ ಗಿರಾಕಿಯೊಬ್ಬರಿಂದಲೇ ಒಮ್ಮೆ ಓದಿಸಿ ನೋಡುವುದು ಲೇಸು.