ಕತ್ತಲಾದ ಮೇಲೆ ದೀಪ ಹುಡುಕುವ ಊರು

ಮನೆಯಲ್ಲಿ ಕರೆಂಟು ಹೋದರೆ ನಾವೇನು ಮಾಡ್ತೀವಿ? ಕಿಟಕಿಯಿಂದ ಪಕ್ಕದ ಮನೆ ನೋಡ್ತೀವಿ. ಅಲ್ಲೂ ಕತ್ತಲೆ ಇದ್ದರೆ ಏನೋ ಒಂದು ಸಮಾಧಾನ. ಆದರೆ ಮಹದೇವಪುರದ ಕಚೇರಿಗಳ ಸರ್ವರ್ ಕೋಣೆಗೆ ಆ ಸಮಾಧಾನ ಇಲ್ಲ. ಅಲ್ಲಿ ಕ್ಷಣಮಾತ್ರ ಕರೆಂಟು ತಪ್ಪಿದರೂ ಯಾರದೋ ಬ್ಯಾಂಕ್ ವ್ಯವಹಾರ, ಯಾವುದೋ ಆಸ್ಪತ್ರೆಯ ದಾಖಲೆ ಅರ್ಧಕ್ಕೇ ನಿಂತುಬಿಡುತ್ತೆ.

ಇದು ಐಟಿ ಕಾಲದ ತಲೆನೋವು ಅಂದುಕೊಂಡಿದ್ದೀರಾ? ಅಲ್ಲ ಸ್ವಾಮಿ, ಇದಕ್ಕೆ ನೂರು ವರ್ಷ ಮೀರಿದೆ.

1902ರ ಜೂನ್‌ನಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿ ತಲುಪಿತು. 92 ಮೈಲಿ ದೂರದ ತಂತಿ, ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಒಂದು. ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಅಂದರೆ ಮೊದಲು ಉದ್ಯಮ, ಆಮೇಲೆ ಊರು.

ಆದರೆ ಬೇಸಿಗೆ ಬಂತು ಅಂದ್ರೆ ಕಾವೇರಿ ಸೊರಗುತ್ತಿದ್ದಳು. ನೀರಿಲ್ಲದಿದ್ದರೆ ಕರೆಂಟಿಲ್ಲ. ಗಣಿಗಳಿಗೆ ಮೈಸೂರು ಸರ್ಕಾರ ಕೊಟ್ಟ ಮಾತಿನ ಗತಿಯೇನು? 1911ರಲ್ಲಿ ಕನ್ನಂಬಾಡಿ ಅಣೆಕಟ್ಟೆಯ ಕೆಲಸ ಶುರುವಾಯಿತಲ್ಲ, ಅದಕ್ಕೆ ನೀರಾವರಿಯ ಜೊತೆಗೆ ಇದೂ ಒಂದು ಮುಖ್ಯ ಕಾರಣ. ಮಳೆಗಾಲದ ನೀರು ಹಿಡಿದಿಟ್ಟು ಬೇಸಿಗೆಯಲ್ಲಿ ಶಿವನಸಮುದ್ರಕ್ಕೆ ಬಿಡುವುದು. ವಿಶ್ವೇಶ್ವರಯ್ಯನವರ ಲೆಕ್ಕದಲ್ಲಿ ಕೆಆರ್‌ಎಸ್ ಅನ್ನೋದು ಚಿನ್ನದ ಗಣಿಯ ಯುಪಿಎಸ್ ಕೂಡ ಆಗಿತ್ತು!

ಈಗ ವೈಟ್‌ಫೀಲ್ಡ್‌ಗೆ ಬನ್ನಿ. 1990ರ ದಶಕದಲ್ಲಿ ಭಾರತ ಮತ್ತು ಸಿಂಗಪುರ ಸೇರಿ ಐಟಿಪಿಎಲ್ ಕಟ್ಟಿದಾಗ ಅದರ ದೊಡ್ಡ ಆಕರ್ಷಣೆಯೇ ಸ್ವಂತ ವಿದ್ಯುತ್ ಘಟಕ. ಸರ್ಕಾರದ ಕರೆಂಟನ್ನು ನಂಬಿ ಕೂರುವ ಹಾಗಿರಲಿಲ್ಲ. ಆಮೇಲೆ ಕಟ್ಟಡಕ್ಕೊಂದು ಡೀಸೆಲ್ ಜನರೇಟರ್ ಬಂತು. ಕರೆಂಟು ಹೋದ ಕೂಡಲೇ ಯುಪಿಎಸ್ ಬ್ಯಾಟರಿ ಕೆಲವು ನಿಮಿಷ ಹೊರೆ ಹೊರುತ್ತೆ, ಅಷ್ಟರೊಳಗೆ ಜನರೇಟರ್ ಎದ್ದೇಳಬೇಕು. ಕಾಗದದ ಮೇಲೆ ಇದು ಬಹಳ ಸರಳ.

2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರ ವಲಯ ಮುಳುಗಿತು. ಕೆರೆಗಳು ಉಕ್ಕಿದವು, ಹೊರವರ್ತುಲ ರಸ್ತೆ ಹೊಳೆಯಾಯಿತು, ಬೇಸ್‌ಮೆಂಟ್‌ಗಳಿಗೆ ನೀರು ನುಗ್ಗಿತು. ಬೇಸ್‌ಮೆಂಟಿನಲ್ಲಿ ಇದ್ದದ್ದೇನು? ಎಷ್ಟೋ ಕಡೆ ಅದೇ ಜನರೇಟರ್, ಅದೇ ವಿದ್ಯುತ್ ಫಲಕ. ಆಪತ್ತಿಗೆ ಆಗಬೇಕಿದ್ದ ಯಂತ್ರವೇ ಮೊದಲು ಮುಳುಗಿತು.

ನಾವು ಕಲಿಯಬಹುದಿತ್ತು. 2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾದಲ್ಲಿ ಭೂಕಂಪದಿಂದ ಹೊರಗಿನ ಕರೆಂಟು ಹೋದಾಗ ಜನರೇಟರ್‌ಗಳು ಸರಿಯಾಗಿಯೇ ಶುರುವಾದವು. ಮುಕ್ಕಾಲು ಗಂಟೆ ದಾಟುವಷ್ಟರಲ್ಲಿ ಸುನಾಮಿ ಬಂತು. ಹೆಚ್ಚಿನವು ಇದ್ದದ್ದು ನೆಲಮಾಳಿಗೆಯಲ್ಲಿ. ಮುಂದಿನದು ನಿಮಗೆ ಗೊತ್ತು.

ಇನ್ನೊಂದು ಮಾತು. ಕರೆಂಟು ಹೋಯಿತು ಅಂತ ಸಂದೇಶ ಕಳಿಸುವ ಪೆಟ್ಟಿಗೆಗೂ ಅದೇ ಲೈನಿನಿಂದಲೇ ಕರೆಂಟು ಕೊಟ್ಟಿದ್ದರೆ ಏನಾಗುತ್ತೆ? ಅದೂ ಸತ್ತಿರುತ್ತೆ. ಬೆಳಿಗ್ಗೆ ಕಚೇರಿ ಬಾಗಿಲು ತೆಗೆದಾಗಲೇ ವಿಷಯ ಗೊತ್ತಾಗೋದು. ಅದಕ್ಕೇ ತಿಳಿದವರು ನಿಗಾ ಇಡುವ ಸಾಧನಕ್ಕೆ ಬೇರೆ ಬ್ಯಾಟರಿ, ಬೇರೆ ಸಿಮ್ ಕೊಡ್ತಾರೆ. ಬೇರೆ ಊರಿನಲ್ಲಿರುವ ಇನ್ನೊಂದು ಯಂತ್ರ ಅದನ್ನು ನಿಮಿಷಕ್ಕೊಮ್ಮೆ ಮಾತಾಡಿಸುತ್ತೆ. ಉತ್ತರ ಬರಲಿಲ್ಲವೋ, ಆ ಮೌನವೇ ಎಚ್ಚರಿಕೆ. ಜನರೇಟರನ್ನೂ ಅಷ್ಟೇ, ಸುಮ್ಮನೆ ಗುರ್ ಅನ್ನಿಸಿ ನಿಲ್ಲಿಸಿದರೆ ಪರೀಕ್ಷೆ ಆಗಲಿಲ್ಲ. ನಿಜವಾದ ಹೊರೆ ಹಾಕಿ ಓಡಿಸಬೇಕು, ಡೀಸೆಲ್ ಎಷ್ಟು ಗಂಟೆ ಬರುತ್ತೆ ಅಂತ ಬರೆದಿಡಬೇಕು.

ಅಂದಿನವರಿಗೂ ನಮಗೂ ವ್ಯತ್ಯಾಸ ಇಲ್ಲಿದೆ. ಅವರು ನದಿ ಯಾವಾಗ ಕೈಕೊಡುತ್ತೆ ಅಂತ ಮೊದಲೇ ಕೇಳಿಕೊಂಡರು. ನಾವು ಯಂತ್ರ ಕೊಂಡೆವು, ಪ್ರಶ್ನೆ ಕೇಳಲಿಲ್ಲ. ಗಣಿಯ ಕರೆಂಟಿಗೂ ಆದೀತೆಂದು ಕಟ್ಟಿದ ಅಣೆಕಟ್ಟೆ ಮಂಡ್ಯದ ಗದ್ದೆಗೂ ನೀರು ಕೊಟ್ಟಿತು. ನಮ್ಮ ಕಟ್ಟಡಕ್ಕೊಂದರಂತೆ ನಿಂತ ಜನರೇಟರ್ ಪಕ್ಕದ ಮನೆಗೆ ಕೊಟ್ಟದ್ದು ಬರೀ ಹೊಗೆ.

ಮುಂದಿನ ಮಳೆ ಬರೋದಂತೂ ಖಂಡಿತ. ಅದಕ್ಕೆ ಮುಂಚೆ ನಿಮ್ಮ ಬೇಸ್‌ಮೆಂಟಿಗೆ ಒಮ್ಮೆ ಇಳಿದು ನೋಡಿ ಬನ್ನಿ.